ಅಂಬಾಸಿಡರ್ ಹೆಡ್: ವಾಲ್ವ್ ಲ್ಯಾಪಿಂಗ್ ಸಾಕೇ, ಸೀಟ್ ರಿಂಗ್ ಹಾಕಿಸಬೇಕೇ?

ಪ್ರಶ್ನೆ:
ನಮಸ್ಕಾರ. ನಮ್ಮ ತಂದೆಯವರ ಕಾಲದ ಅಂಬಾಸಿಡರ್ ಕಾರನ್ನು (1489 ಸಿಸಿ ಪೆಟ್ರೋಲ್ ಎಂಜಿನ್) ನಾನು ಈಗಲೂ ಓಡಿಸುತ್ತಿದ್ದೇನೆ. ಹೆದ್ದಾರಿಯಲ್ಲಿ ದೂರ ಹೋಗಿ ಬಂದಾಗಲೆಲ್ಲ ಎಗ್ಸಾಸ್ಟ್ ವಾಲ್ವುಗಳ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ಕಡಿಮೆಯಾಗಿರುತ್ತದೆ; ಮೊನ್ನೆ ಮೂರನೆಯ ಸಿಲಿಂಡರಿನಲ್ಲಿ ಸಂದು ಅಳೆಯುವ ಫೀಲರ್ ಗೇಜ್ ಒಳಗೇ ಹೋಗಲಿಲ್ಲ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸಿ ನೋಡಿದರೆ ಎಗ್ಸಾಸ್ಟ್ ವಾಲ್ವುಗಳು ತಗ್ಗಿನಲ್ಲಿ ಕುಳಿತಿವೆ, ಗೈಡುಗಳಲ್ಲಿ (ವಾಲ್ವಿನ ಕಾಂಡ ಓಡಾಡುವ ಕೊಳವೆಗಳಲ್ಲಿ) ಸಡಿಲ ಇರುವುದು ಕೈಗೇ ತಿಳಿಯುತ್ತದೆ. ಲ್ಯಾಪಿಂಗ್ (ವಾಲ್ವನ್ನು ಅದು ಕೂರುವ ಸೀಟಿಗೆ ಪೇಸ್ಟ್ ಹಚ್ಚಿ ಉಜ್ಜುವುದು) ಸಾಕೆಂದು ಒಬ್ಬ ಮೆಕ್ಯಾನಿಕ್, ಎಂಟೂ ವಾಲ್ವುಗಳ ಸೀಟಿಗೆ ಗಟ್ಟಿ ಲೋಹದ ರಿಂಗ್ ಹಾಕಿಸಬೇಕೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ 1:
ಲ್ಯಾಪಿಂಗ್‌ನಿಂದ ಇದು ವಾಸಿಯಾಗುವುದಿಲ್ಲ. ಈ ಹೆಡ್ ಬೀಡುಕಬ್ಬಿಣದ್ದು. ಸೀಟುಗಳನ್ನು ನೇರವಾಗಿ ಅದರಲ್ಲೇ ಕಡಿದಿದ್ದಾರೆ. ಪೆಟ್ರೋಲಿನಲ್ಲಿ ಸೀಸವಿದ್ದ ಕಾಲದಲ್ಲಿ ಅದರ ಸಂಯುಕ್ತಗಳ ತೆಳು ಪದರ ಸೀಟಿನ ಮೇಲೆ ಕುಳಿತು ವಾಲ್ವಿಗೂ ಕಬ್ಬಿಣಕ್ಕೂ ನಡುವೆ ತಡೆಯಾಗಿರುತ್ತಿತ್ತು. 2000ರಲ್ಲಿ ದೇಶದೆಲ್ಲೆಡೆ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಆ ರಕ್ಷಣೆ ಇಲ್ಲ. ಹೆಚ್ಚು ವೇಗದಲ್ಲಿ ಓಡಿಸಿದಾಗ ಬಿಸಿ ವಾಲ್ವಿಗೆ ಸೀಟಿನ ಕಣಗಳು ಅಂಟಿಕೊಂಡು ಕಿತ್ತುಬರುತ್ತವೆ, ಸೀಟು ಸವೆದು ವಾಲ್ವ್ ಹೆಡ್‌ನೊಳಕ್ಕೆ ಮೇಲೇರುತ್ತದೆ, ಗ್ಯಾಪ್ ಮುಚ್ಚಿಹೋಗುತ್ತದೆ. ಎಗ್ಸಾಸ್ಟ್ ನಾಲ್ಕಕ್ಕೆ ಗಟ್ಟಿ ರಿಂಗ್ ಹಾಕಿಸಿ. ಇನ್‌ಲೆಟ್ ಸೀಟುಗಳು ತಗ್ಗಿರದಿದ್ದರೆ ಅವನ್ನು ಸುಮ್ಮನೆ ಬೋರ್ ಮಾಡಿಸಬೇಡಿ.

ಆದರೆ ಮೊದಲು ಗೈಡ್, ಆಮೇಲೆ ಸೀಟ್. ಸೀಟ್ ಕಡಿಯುವ ಕಟ್ಟರಿನ ಪೈಲಟ್ (ಅದನ್ನು ನೇರವಾಗಿ ಹಿಡಿಯುವ ಸರಳು) ನಿಲ್ಲುವುದೇ ಗೈಡಿನೊಳಗೆ. ಸವೆದ ಗೈಡಿನಲ್ಲಿ ಪೈಲಟ್ ವಾಲಿದರೆ ಸೀಟಿನ ಕೇಂದ್ರವೂ ವಾಲುತ್ತದೆ, ಮುಂದೆ ಎಷ್ಟು ಪೇಸ್ಟ್ ಹಚ್ಚಿ ಉಜ್ಜಿದರೂ ಅದು ಸರಿಹೋಗದು. ಹಳೆಯ ಗೈಡ್ ಹೊಡೆದು ತೆಗೆಯುವ ಮುನ್ನ ಅದು ಮೇಲೆ ಎಷ್ಟು ಎತ್ತರ ನಿಂತಿದೆಯೆಂದು ಅಳೆದು ಬರೆದಿಡಿ. ಹೊಸದನ್ನು ಕೂರಿಸಿ ರೀಮರ್ ಹಾಕಿ ಒಳಗಿನ ತೂತನ್ನು ಅಳತೆಗೆ ತಂದ ಮೇಲೆಯೇ ಸೀಟಿನ ಕೆಲಸ.

ರಿಂಗ್ ಕೂರುವ ಬೋರ್ ರಿಂಗಿಗಿಂತ ಮೂರರಿಂದ ಐದು ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಬಿಗಿಯಿರಬೇಕು. ನಮ್ಮ ವರ್ಕ್‌ಶಾಪಿನಲ್ಲಿ ರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಬಡಿಯುತ್ತೇವೆ. ತಳ ಮುಟ್ಟಿದ ಕ್ಷಣ ಸುತ್ತಿಗೆಯ ಸದ್ದು ಮಂದವಾಗಿದ್ದದ್ದು ಗಟ್ಟಿಯಾಗಿ ಬದಲಾಗುತ್ತದೆ. ತಳದಲ್ಲಿ ಒಂದು ಕಬ್ಬಿಣದ ಚೂರು ಉಳಿದರೂ ರಿಂಗ್ ಪೂರ್ತಿ ಕೂರುವುದಿಲ್ಲ, ಶಾಖ ಹೆಡ್‌ಗೆ ದಾಟುವುದಿಲ್ಲ, ಕೊನೆಗೆ ಅದು ಸಡಿಲಾಗುತ್ತದೆ.

ಉತ್ತರ 2:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಈ ಹೆಡ್‌ನಲ್ಲಿ ಎರಡು ಮತ್ತು ಮೂರನೆಯ ಸಿಲಿಂಡರುಗಳ ಎಗ್ಸಾಸ್ಟಿಗೆ ಒಂದೇ ದಾರಿ. ಆದ್ದರಿಂದ ನಡುಭಾಗದ ಶಾಖ ಹೆಚ್ಚು, ನಿಮ್ಮ ಮೂರನೆಯ ವಾಲ್ವ್ ಮೊದಲು ತಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಬೋರ್ ಮಾಡುವ ಮೊದಲು ಇನ್‌ಲೆಟ್ ಮತ್ತು ಎಗ್ಸಾಸ್ಟ್ ಸೀಟುಗಳ ನಡುವಿನ ಸೇತುವೆಯಲ್ಲಿ ಬಿರುಕಿದೆಯೇ ಎಂದು ಕೆಂಪು ಡೈ ಹಚ್ಚಿಸಿ ನೋಡಲೇಬೇಕು. ಬಿರುಕು ಬಿಟ್ಟ ಹೆಡ್‌ಗೆ ರಿಂಗ್ ಬಡಿದರೆ ದುಡ್ಡು ನೀರಿಗೆ ಹಾಕಿದಂತೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಡೈ ಪರೀಕ್ಷೆ ಮಾಡಿಸಿದೆ, ಬಿರುಕಿಲ್ಲ. ಕೆಲಸ ಮುಗಿದ ಮೇಲೆ ಸರಿಯಾಗಿದೆಯೆಂದು ನಾನೇ ಹೇಗೆ ತಿಳಿಯಲಿ?

ಉತ್ತರ 1:
ವಾಲ್ವಿನ ಮುಖಕ್ಕೆ ಬ್ಲೂ (ತಾಗಿದ ಕಡೆ ಗುರುತು ಬಿಡುವ ನೀಲಿ ಬಣ್ಣ) ತೆಳುವಾಗಿ ಸವರಿ, ತಿರುಗಿಸದೆ ಸೀಟಿನ ಮೇಲೆ ಒತ್ತಿ ತೆಗೆಯಿರಿ. ಎಗ್ಸಾಸ್ಟಿನಲ್ಲಿ ಸುತ್ತಲೂ ಸುಮಾರು 1.5ರಿಂದ 2 ಮಿಲಿಮೀಟರ್ ಅಗಲದ, ಎಲ್ಲಿಯೂ ತುಂಡಾಗದ ಗೆರೆ ಮೂಡಬೇಕು. ಆ ವಾಲ್ವ್ ತನ್ನ ಶಾಖವನ್ನು ಬಹುಪಾಲು ಇಳಿಸುವುದು ಅದೇ ಗೆರೆಯ ಮೂಲಕ. ಅಗಲ ಕಡಿಮೆಯಾದರೆ ಅಂಚು ಸುಡುತ್ತದೆ. ನಂತರ ಸ್ಪ್ರಿಂಗ್ ಜೋಡಿಸಿ ಪೋರ್ಟಿಗೆ (ವಾಲ್ವಿನ ಹಿಂದಿನ ದಾರಿಗೆ) ಪೆಟ್ರೋಲ್ ತುಂಬಿ, ಐದು ನಿಮಿಷ ಬಿಟ್ಟು ವಾಲ್ವಿನ ತಲೆಯ ಸುತ್ತ ಬೆರಳಾಡಿಸಿ. ಒದ್ದೆಯಾದರೆ ಹೆಡ್ ಮನೆಗೆ ತರಬೇಡಿ.