ಮಾತ್ರೆ ಹೆಸರಿನ ಕೊನೆಗೆ ಬರುವ 'ಸಾರ್ಟನ್', 'ಪ್ರಜೋಲ್', 'ಸ್ಟಾಟಿನ್'ಗೆ ಏನಾದರೂ ಅರ್ಥ ಇದೆಯಾ?

ಅರಸೀಕೆರೆ ಮಗಳು:

ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಕಳೆದ ವಾರ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆವು. ಹೊಸ ಚೀಟಿಯಲ್ಲಿ ಲೊಸಾರ್ಟನ್ 50 ಬರೆದಿದ್ದಾರೆ. ಅಮ್ಮ ಮೊದಲಿಂದ ತಗೊಳ್ಳುತ್ತಿದ್ದ ಟೆಲ್ಮಿಸಾರ್ಟನ್ 40 ಡಬ್ಬಿಯಲ್ಲಿ ಹಾಗೇ ಇದೆ. ಕಂಪನಿ ಬೇರೆ, ಬ್ರ್ಯಾಂಡ್ ಬೇರೆ, ಮಾತ್ರೆ ಬಣ್ಣವೂ ಬೇರೆ. ಆದರೆ ಇಂಗ್ಲಿಷ್ ಹೆಸರು ಎರಡರಲ್ಲೂ 'ಸಾರ್ಟನ್' ಅಂತಲೇ ಮುಗಿಯುತ್ತದೆ. ಆಮೇಲೆ ಡಬ್ಬಿ ಪೂರ್ತಿ ಸುರಿದು ನೋಡಿದೆ. ಅಮ್ಮನದು ಅಟೊರ್ವಾಸ್ಟಾಟಿನ್, ಅಪ್ಪನದು ರೊಸುವಾಸ್ಟಾಟಿನ್. ಇಬ್ಬರಿಗೂ ಪ್ಯಾಂಟೊಪ್ರಜೋಲ್. ಇವು ಸುಮ್ನೆ ಇಟ್ಟ ಹೆಸರುಗಳಲ್ಲ ಅನಿಸುತ್ತಿದೆ. ಗೊತ್ತಿರುವವರು ಬಿಡಿಸಿ ಹೇಳಿ. ಮುಖ್ಯವಾಗಿ, ಅಮ್ಮ ಎರಡೂ 'ಸಾರ್ಟನ್' ತಗೋಬೇಕಾ?

ಮೆಡಿಕಲ್ ಅಂಗಡಿಯವರು:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನಮ್ಮ. ಎರಡೂ ಒಂದೇ ಗುಂಪಿನ ಮಾತ್ರೆ. ಸಾಮಾನ್ಯವಾಗಿ ಒಬ್ಬರಿಗೆ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಬಿಪಿ ತೀರಾ ಇಳಿಯಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಕಿಡ್ನಿಗೂ ಪೆಟ್ಟು. ಹಾಗಂತ ಯಾವುದನ್ನು ಬಿಡಬೇಕು ಅಂತ ನಾವು ನೀವು ತೀರ್ಮಾನ ಮಾಡುವುದು ಬೇಡ. ಮುಂದಿನ ಮಾತ್ರೆ ನುಂಗಿಸುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಎರಡೂ ಹೆಸರು ಓದಿ ಹೇಳಿ.

ಈಗ ಹೆಸರಿನ ವಿಷಯ. ನಿಮ್ಮ ಊಹೆ ಸರಿ. ಬ್ರ್ಯಾಂಡ್ ಹೆಸರು ಕಂಪನಿ ತನಗೆ ಬೇಕಾದ ಹಾಗೆ ಇಡುತ್ತದೆ. ಜೆನೆರಿಕ್ ಹೆಸರು, ಅಂದರೆ ಮಾತ್ರೆಯೊಳಗಿನ ಔಷಧದ ಹೆಸರು, ಹಾಗಲ್ಲ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ ನಿಗದಿ ಮಾಡುತ್ತದೆ. ಅಂಥ ಹೆಸರುಗಳ ಮೊದಲ ಪಟ್ಟಿ ಬಂದಿದ್ದು 1953ರಲ್ಲಿ. ಒಂದೇ ರೀತಿ ಕೆಲಸ ಮಾಡುವ ಔಷಧಗಳಿಗೆ ಬಹುಪಾಲು ಒಂದೇ ಬಾಲ. ಹೆಸರಿನ ಮುಂಭಾಗ ಬದಲಾಗುತ್ತದೆ, ಬಾಲ ಉಳಿಯುತ್ತದೆ.

ನಮ್ಮ ದೇಹದಲ್ಲಿ ಆಂಜಿಯೋಟೆನ್ಸಿನ್ ಅನ್ನುವ ವಸ್ತು ರಕ್ತನಾಳವನ್ನು ಬಿಗಿ ಮಾಡುತ್ತದೆ, ಬಿಪಿ ಏರುತ್ತದೆ. 'ಸಾರ್ಟನ್'ಗಳು ಅದು ಹೋಗಿ ಕೂರುವ ಜಾಗವನ್ನೇ ಮೊದಲು ಹಿಡಿದುಕೊಳ್ಳುತ್ತವೆ. 'ಪ್ರಿಲ್' ಬಾಲದವು, ಎನಲಾಪ್ರಿಲ್, ರಾಮಿಪ್ರಿಲ್ ಇಂಥವು, ಅದು ತಯಾರಾಗುವುದನ್ನೇ ತಡೆಯುತ್ತವೆ. ಈ ಗುಂಪಿನ ಮೊದಲ ಮಾತ್ರೆ ಕ್ಯಾಪ್ಟೊಪ್ರಿಲ್. ಅದಕ್ಕೆ ದಾರಿ ತೋರಿಸಿದ್ದು ಬ್ರೆಜಿಲ್‌ನ ಒಂದು ಗುಳಿಮಂಡಲ ಹಾವಿನ ವಿಷ. 'ಪ್ರಿಲ್' ತಗೊಳ್ಳುವ ಕೆಲವರಿಗೆ ಒಣ ಕೆಮ್ಮು ಹಿಡಿಯುತ್ತದೆ. ಕೆಮ್ಮಿನ ಸಿರಪ್ ಕೇಳಿಕೊಂಡು ಬರುವವರ ಹತ್ತಿರ ನಾನು ಬಿಪಿ ಮಾತ್ರೆಯ ಸ್ಟ್ರಿಪ್ ತೋರಿಸಿ ಅನ್ನುತ್ತೇನೆ. ಎಷ್ಟೋ ಸಲ ಸಿರಪ್ಪಿನ ಬದಲು ಡಾಕ್ಟರ ಹತ್ತಿರವೇ ಕಳಿಸಬೇಕಾಗುತ್ತದೆ.

'ಡಿಪಿನ್' ಅಂದರೆ, ಆಮ್ಲೋಡಿಪಿನ್ ತರಹದ್ದು, ಅದೂ ಬಿಪಿಗೇ. ಆದರೆ ದಾರಿ ಬೇರೆ. ಕೆಲವರಿಗೆ ಕಣಕಾಲು ಊದಿಕೊಳ್ಳುತ್ತದೆ. ಟೆಲ್ಮಿಸಾರ್ಟನ್ ಜೊತೆ ಇದನ್ನು ಸೇರಿಸಿ ಒಂದೇ ಮಾತ್ರೆ ಮಾಡಿರುವುದು ಜಾಸ್ತಿ ಸಿಗುತ್ತದೆ, ಅದಕ್ಕೇ ಹೆಸರನ್ನು ಪೂರ್ತಿ ಓದಬೇಕು. ನಿಮ್ಮ ಮನೆಯ 'ವಾಸ್ಟಾಟಿನ್'ಗಳು ಕೊಲೆಸ್ಟ್ರಾಲಿಗೆ. 'ಪ್ರಜೋಲ್' ಹೊಟ್ಟೆಯ ಆಮ್ಲ ಕಡಿಮೆ ಮಾಡಲು, ಜನ ಗ್ಯಾಸ್ ಮಾತ್ರೆ ಅನ್ನುತ್ತಾರಲ್ಲ, ಅದು.

ಒಂದು ಎಚ್ಚರಿಕೆ. ಬಾಲವನ್ನು ಅರ್ಧಕ್ಕೆ ಓದಬೇಡಿ. ಬರೀ 'ಅಜೋಲ್' ನೋಡಿದರೆ ಮೋಸ ಹೋಗುತ್ತೀರಿ. ಫ್ಲುಕೊನಜೋಲ್ ಫಂಗಸ್‌ಗೆ. ಮೆಟ್ರೊನಿಡಜೋಲ್ ಆಮಶಂಕೆಯಂಥ ಸೋಂಕಿಗೆ. ಆಲ್ಬೆಂಡಜೋಲ್ ಜಂತುಹುಳುವಿಗೆ, ಶಾಲೆಯಲ್ಲಿ ಮಕ್ಕಳಿಗೆ ಚೀಪಲು ಕೊಡುತ್ತಾರಲ್ಲ, ಅದೇ. 'ಕೊನಜೋಲ್', 'ನಿಡಜೋಲ್', 'ಬೆಂಡಜೋಲ್', 'ಪ್ರಜೋಲ್' ನಾಲ್ಕೂ ಬೇರೆ ಬೇರೆ ಗುಂಪು. ಹಾಗೇ ನಿಸ್ಟಾಟಿನ್ ಅಂತ ಒಂದಿದೆ, ಕೊಲೆಸ್ಟ್ರಾಲಿಗೂ ಅದಕ್ಕೂ ಸಂಬಂಧ ಇಲ್ಲ. ಫಂಗಸ್ ಔಷಧ. ನ್ಯೂಯಾರ್ಕ್ ರಾಜ್ಯದ ಹೆಸರಿನಿಂದ ಬಂದಿದ್ದು.

ವಾರ್ಡ್ ಸಿಸ್ಟರ್:

ಅಂಗಡಿಯವರು ಹೇಳಿದ್ದಕ್ಕೆ 'ಒಲಾಲ್' ಸೇರಿಸುತ್ತೇನೆ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್. ಇವು ಎದೆಬಡಿತವನ್ನು ನಿಧಾನ ಮಾಡುತ್ತವೆ. ಆಸ್ತಮಾ ಇರುವವರು ಈ ಬಾಲ ಕಂಡರೆ ಕೇಳದೆ ನುಂಗಬಾರದು, ಉಸಿರುನಾಳ ಬಿಗಿಯಬಹುದು. ಪ್ರೊಪ್ರನೊಲಾಲನ್ನು ಮೈಗ್ರೇನಿಗೂ ಕೊಡುತ್ತಾರೆ. ಹಾಗಾಗಿ 'ಇದು ತಲೆನೋವಿನ ಮಾತ್ರೆ ಸಿಸ್ಟರ್' ಅಂತ ಹೇಳುವವರಿದ್ದಾರೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಡ್ರಾಪ್ಸ್ ಕೂಡ ಇದೇ ಗುಂಪು. ಕಣ್ಣಿಗೆ ಬಿಟ್ಟ ಹನಿಯೂ ರಕ್ತಕ್ಕೆ ಸೇರುತ್ತದೆ. ಕಣ್ಣಿನ ಡಾಕ್ಟರಿಗೂ ಆಸ್ತಮಾ ಇದೆ ಅಂತ ಹೇಳಲೇಬೇಕು.

ಪ್ಯಾರಾಸಿಟಮಾಲ್ ನೋಡಿ ಹೆದರಬೇಡಿ, ಅದು 'ಒಲಾಲ್' ಅಲ್ಲ.

ಇನ್ನೊಂದು, ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಕೂಡ ಆಗಬಾರದು. 'ಸಿಲಿನ್' ಬಾಲದವೆಲ್ಲ ಒಂದೇ ಮನೆತನ. ಅಡ್ಮಿಟ್ ಮಾಡುವಾಗ ನಾವು ಅಲರ್ಜಿ ಕೇಳುವುದು ಇದಕ್ಕೇ, ದಯವಿಟ್ಟು 'ಏನೂ ಇಲ್ಲ' ಅಂತ ಅವಸರದಲ್ಲಿ ಹೇಳಬೇಡಿ.

ಅರಸೀಕೆರೆ ಮಗಳು:

ತುಂಬಾ ಥ್ಯಾಂಕ್ಸ್ ಸರ್, ಸಿಸ್ಟರ್. ಫೋನ್ ಮಾಡಿದೆ. ಲೊಸಾರ್ಟನ್ ಬರೆದಿದ್ದು ಟೆಲ್ಮಿಸಾರ್ಟನ್ ಬದಲಿಗಂತೆ. ಹಳೆಯದು ಇವತ್ತಿಂದಲೇ ಬೇಡ, ಎರಡು ದಿನ ಬಿಟ್ಟು ಬಿಪಿ ನೋಡಿಸಿ, ರಕ್ತ ಪರೀಕ್ಷೆಯನ್ನೂ ಮಾಡಿಸಿ ಅಂದರು. ಹಳೆಯ ಸ್ಟ್ರಿಪ್ ಡಬ್ಬಿಯಿಂದ ತೆಗೆದೆ. ಇನ್ನೊಂದು ಮಾತ್ರೆ ಉಳಿದಿದೆ, ಲಿವೊಥೈರಾಕ್ಸಿನ್. ಇದರ ಬಾಲ ಯಾವ ಗುಂಪು? ಇನ್ನು ಒಂದು ಸ್ಟ್ರಿಪ್ಪಿನಲ್ಲಿ ನಾಲ್ಕೇ ಮಾತ್ರೆ ಇದೆ, ಹೆಸರೇ ಕಾಣುತ್ತಿಲ್ಲ.

ಮೆಡಿಕಲ್ ಅಂಗಡಿಯವರು:

ಒಳ್ಳೆಯದಾಯಿತಮ್ಮ. ಲಿವೊಥೈರಾಕ್ಸಿನ್‌ನಲ್ಲಿ ಬಾಲ ಹುಡುಕಬೇಡಿ. ಥೈರಾಕ್ಸಿನ್ ಅಂದರೆ ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನಿನ ಹೆಸರೇ. ಹೆಸರಿಲ್ಲದ ತುಂಡನ್ನು ಅಮ್ಮನಿಗೆ ಕೊಡಬೇಡಿ. ಕತ್ತರಿಸಿ ಕೊಡುವಾಗ ಹೆಸರು, ಎಕ್ಸ್‌ಪೈರಿ ಇರುವ ಕಡೆ ಅಂಗಡಿಯಲ್ಲೇ ಉಳಿದಿರುತ್ತದೆ. ಬಿಲ್ ಇದ್ದರೆ ತಗೊಂಡ ಅಂಗಡಿಗೇ ಹೋಗಿ ಕೇಳಿ. ಮುಂದೆ ಬಿಡಿ ಮಾತ್ರೆ ತಗೊಂಡರೆ ಜೆನೆರಿಕ್ ಹೆಸರು, ಎಕ್ಸ್‌ಪೈರಿ ಎರಡನ್ನೂ ಕವರಿನ ಮೇಲೆ ಬರೆಸಿಕೊಳ್ಳಿ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಅಮ್ಮ ಕ್ಯಾಲ್ಸಿಯಂ ಮಾತ್ರೆ ತಗೊಳ್ಳುತ್ತಿದ್ದರೆ ಎರಡರ ಮಧ್ಯೆ ನಾಲ್ಕು ಗಂಟೆ ಬಿಡಿ.