ಚಪಾತಿ ಮೇಲೆ ಕೆಚಪ್ ಬಳಿದರೆ ಪಿಜ್ಜಾ ಆಗಲ್ಲ

ಮೈಸೂರು ಅತ್ತಿಗೆ: ನಮ್ಮ ಮನೆಯವರ ಗುಂಪಿಗೆ ಈಗ ಹಾಕಿದ ಚಪಾತಿ ಪಿಜ್ಜಾ ವಿಡಿಯೊ ನೋಡಿ. ಮಧ್ಯಾಹ್ನದ ಚಪಾತಿ ಉಳಿದಿದ್ದರೆ 5 ನಿಮಿಷಕ್ಕೆ ಪಿಜ್ಜಾ. ನಮ್ಮನೆಯಲ್ಲಿ ರಾತ್ರಿಗೆ ಇದೇ.

ನಾನು: ಅತ್ತಿಗೆ, ಅದನ್ನು ನೋಡಿಕೊಂಡು ಮಾಡಬೇಡಿ. ತಣ್ಣನೆ ಚಪಾತಿಗೆ ಕೆಚಪ್ ಬಳಿದು, ಹಸಿ ಟೊಮೆಟೊ, ಹಸಿ ದಪ್ಪ ಮೆಣಸಿನಕಾಯಿ ರಾಶಿ ಹಾಕಿ ಮುಚ್ಚಳ ಮುಚ್ಚಿಬಿಟ್ಟಿದ್ದಾರೆ. ತರಕಾರಿ ನೀರು ಬಿಟ್ಟು ಚಪಾತಿ ಒದ್ದೆ ಬಟ್ಟೆ ಥರ ಆಗುತ್ತದೆ. ಹೋದ ತಿಂಗಳು ನಾನೂ ಹೀಗೇ ಮಾಡಿದ್ದೆ, ಮಕ್ಕಳು ಅರ್ಧಕ್ಕೇ ಎದ್ದುಹೋದರು.

ದೊಡ್ಡಪ್ಪ: ಚಪಾತಿಗೆ ಪಲ್ಯ ಸಾಲದಾ? ಪಿಜ್ಜಾ ಬೇಕಿದ್ದರೆ ಯಾವತ್ತೋ ಒಂದು ದಿನ ಹೋಟೆಲಿಗೆ ಹೋಗಿ ತಿನ್ನಲಿ.

ಜರ್ಮನಿ ತಮ್ಮ: ದೊಡ್ಡಪ್ಪ ಹೇಳಿದ್ದೇ ಸರಿ. ಇಟಲಿಯ ನೇಪಲ್ಸ್‌ನಲ್ಲಿ ಸೌದೆ ಒಲೆ 400 ಡಿಗ್ರಿಗಿಂತ ಜಾಸ್ತಿ ಕಾದಿರುತ್ತದೆ, ಒಂದೂವರೆ ನಿಮಿಷದೊಳಗೆ ಪಿಜ್ಜಾ ಆಚೆ ಬರುತ್ತದೆ. ಆ ಕಸುಬನ್ನು 2017ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹಿಟ್ಟು ಹುದುಗದೆ ಪಿಜ್ಜಾ ಇಲ್ಲ ಅಕ್ಕ.

ನಾನು: ನೀನು ಹೇಳುತ್ತಿರುವುದು ಹಸಿ ಹಿಟ್ಟಿನ ಮಾತು ಕಣೋ. ಹಸಿ ಹಿಟ್ಟು ಅಷ್ಟು ಬೇಗ ಬೇಯಬೇಕಾದರೆ ಅಷ್ಟು ಕಾವು ಬೇಕು. ಚಪಾತಿ ಆಗಲೇ ಬೆಂದಿದೆ. ತಳ ಗರಿಯಾಗಬೇಕು, ಚೀಸ್ ಕರಗಬೇಕು, ಅಷ್ಟೇ ಕೆಲಸ. ಅದಕ್ಕೆ ನಮ್ಮ ದಪ್ಪ ತಳದ ಕಾವಲಿ ಸಾಕು. ದೊಡ್ಡಪ್ಪ, ಕೆಲಸ ಮುಗಿಸಿ ಏಳೂವರೆಗೆ ಮನೆಗೆ ಬಂದವಳಿಗೆ ಮತ್ತೆ ಪಲ್ಯಕ್ಕೆ ಹೆಚ್ಚುವಷ್ಟು ಶಕ್ತಿ ಇರುವುದಿಲ್ಲ. ಮಕ್ಕಳು ಖುಷಿಯಿಂದ ತಿನ್ನುವ ಬಿಸಿ ಊಟ ಇದು, ಉಳಿದ ಚಪಾತಿಯೂ ಖರ್ಚಾಗುತ್ತದೆ. ಸರಿಯಾಗಿ ಮಾಡೋಣ ಅನ್ನುವುದಷ್ಟೇ ನನ್ನ ಮಾತು.

ಮೈಸೂರು ಅತ್ತಿಗೆ: ಸರಿ, ಹೇಗೆ ಮಾಡಬೇಕು ಹೇಳು.

ನಾನು: ಮೊದಲು ಸಾಸ್. ಮೂರು ಟೊಮೆಟೊ ರುಬ್ಬಿ, ಎಣ್ಣೆಯಲ್ಲಿ ನಾಲ್ಕೈದು ಎಸಳು ಬೆಳ್ಳುಳ್ಳಿ ಬಾಡಿಸಿ, ಅದರಲ್ಲೇ ಟೊಮೆಟೊ ಹಾಕಿ ಗೊಜ್ಜಿನ ಹದಕ್ಕೆ ಬರುವವರೆಗೆ ಬತ್ತಿಸಿ, ಸೌಟಿನಲ್ಲಿ ಎತ್ತಿದರೆ ನೀರು ಹರಿಯಬಾರದು. ಈರುಳ್ಳಿ, ದಪ್ಪ ಮೆಣಸಿನಕಾಯಿ ತೆಳ್ಳಗೆ ಹೆಚ್ಚಿ ಜೋರು ಉರಿಯಲ್ಲಿ ಎರಡು ನಿಮಿಷ ಬಾಡಿಸಿ. ಸಾಸ್ ಒಂದು ಚಪಾತಿಗೆ ಎರಡು ಚಮಚ ಸಾಕು. ಕ್ಯೂಬ್ ಚೀಸ್ ಕರಗುತ್ತದೆ, ಆದರೆ ಎಳೆ ಬರುವುದಿಲ್ಲ. ಎಳೆ ಬೇಕಿದ್ದರೆ ಮೊಝರೆಲ್ಲಾ ತನ್ನಿ. ಸಣ್ಣ ಉರಿ, ಮುಚ್ಚಳ, ನಾಲ್ಕೈದು ನಿಮಿಷ. ನಡುವೆ ಒಮ್ಮೆ ಮುಚ್ಚಳ ತೆಗೆದು ಒಳಗಿನ ನೀರು ಒರೆಸಿ, ಇಲ್ಲದಿದ್ದರೆ ಅದೇ ಹನಿ ಕೆಳಗೆ ಬಿದ್ದು ಎಲ್ಲಾ ಮೆತ್ತಗೆ.

ಧಾರವಾಡ ಅಕ್ಕ: ಇಷ್ಟೆಲ್ಲಾ ಯಾಕೆ? ಖಡಕ್ ರೊಟ್ಟಿ ತಗೊ, ಮೊದಲೇ ಗರಿಯಾಗಿರುತ್ತದೆ. ಮೇಲೆ ಶೇಂಗಾ ಚಟ್ನಿ ಪುಡಿ ಉದುರಿಸು.

ನಾನು: ಅಕ್ಕ, ರುಚಿ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಕತ್ತರಿಸಲು ಹೋದರೆ ಪುಡಿಪುಡಿ. ಅದಕ್ಕೆ ಚಪಾತಿಯೇ ಸರಿ.

ಧಾರವಾಡ ಅಕ್ಕ: ಕತ್ತರಿಸಬೇಡ, ಮುರಿದು ತಿನ್ನು! ರೊಟ್ಟಿಯನ್ನು ಯಾರು ಚಾಕುವಿನಲ್ಲಿ ಕುಯ್ಯುತ್ತಾರೆ?

ದೊಡ್ಡಪ್ಪ: ನನಗೆ ಬಿಪಿ ಇದೆ. ಚೀಸ್‌ನಲ್ಲಿ ಉಪ್ಪು ಜಾಸ್ತಿ ಅಲ್ವಾ?

ನಾನು: ಹೌದು ದೊಡ್ಡಪ್ಪ. ನಿಮಗೆ ಉಪ್ಪಿಲ್ಲದ ಪನೀರ್ ತುರಿದು ಹಾಕಲಿ, ಸಾಸ್‌ಗೂ ಉಪ್ಪು ಬೇಡ. ಬದಲಿಗೆ ಹಿತ್ತಲಿನ ದೊಡ್ಡಪತ್ರೆ ಎರಡೇ ಎಲೆ ಸಣ್ಣಗೆ ಹೆಚ್ಚಿ ಸಾಸ್ ಕುದಿಯುವಾಗ ಹಾಕಿಸಿ. ಪಿಜ್ಜಾ ಮೇಲೆ ಉದುರಿಸುವ ಓರೆಗಾನೊ ಎಲೆಯ ಘಮಕ್ಕೆ ಕಾರಣವಾದ ಕಾರ್ವಕ್ರಾಲ್ ಎನ್ನುವ ಅಂಶ ಇದರಲ್ಲೂ ಇದೆ. ಪಿಜ್ಜಾ ಜೊತೆ ಬರುವ ಸಣ್ಣ ಪೊಟ್ಟಣಗಳ ಒಣ ಪುಡಿಗಿಂತ ನನಗೆ ಇದೇ ಇಷ್ಟ.

ಜರ್ಮನಿ ತಮ್ಮ: ದೊಡ್ಡಪತ್ರೆ ಒಪ್ಪಿದೆ. ಪಿಜ್ಜಾ ಅನ್ನುವ ಹೆಸರು ಒಪ್ಪಲ್ಲ.

ಮೈಸೂರು ಅತ್ತಿಗೆ: ಕಾವಲಿ ಇಟ್ಟೆ. ಸಾಸ್ ಯಾವ ಕಡೆಗೆ ಹಚ್ಚಬೇಕು?

ನಾನು: ಬರೀ ಚಪಾತಿಯನ್ನು ಒಂದು ಕಡೆ ಗರಿಯಾಗುವವರೆಗೆ ಕಾಯಿಸಿ, ಮಗುಚಿ ಹಾಕಿ. ಆ ಗರಿಯಾದ ಕಡೆಗೇ ಹಚ್ಚಿ ಅತ್ತಿಗೆ.