ಕಾಯಿಲೆ ಬಿದ್ದು ಎದ್ದ ಮೇಲೆ ವ್ಯಾಯಾಮ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ಕಾರ ಸರ್. ನನಗೆ 47 ವರ್ಷ, ಶಾಲೆಯಲ್ಲಿ ಟೀಚರ್. ಹೋದ ವರ್ಷ ಪೂರ್ತಿ ಅತ್ತೆಯವರನ್ನು ಆಸ್ಪತ್ರೆಗೆ ಓಡಾಡಿಸುವುದರಲ್ಲೇ ಹೋಯಿತು. ಸರಿಯಾಗಿ ನಿದ್ದೆ ಇಲ್ಲ, ಊಟಕ್ಕೆ ಹೊತ್ತು ಗೊತ್ತಿಲ್ಲ. ಅದು ಮುಗಿಯಿತು ಅನ್ನುವಷ್ಟರಲ್ಲಿ ನನಗೇ ಡೆಂಗ್ಯೂ ಬಂದು ಮಲಗಿಬಿಟ್ಟೆ. ಈಗ ಪ್ಲೇಟ್‌ಲೆಟ್ ಸರಿಯಾಗಿದೆ, ನಿಧಾನಕ್ಕೆ ವ್ಯಾಯಾಮ ಶುರು ಮಾಡಿ ಎಂದಿದ್ದಾರೆ ಡಾಕ್ಟರು. ಮೊದಲೆಲ್ಲ ಭಾನುವಾರ ಬಂತೆಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ. ಮೊನ್ನೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಬಿರುಸಾಗಿ ನಡೆದೆ. ನಡೆಯುವಾಗ ಚೆನ್ನಾಗೇ ಇದ್ದೆ. ಮಾರನೇ ದಿನ ಹಾಸಿಗೆ ಬಿಟ್ಟು ಏಳಲು ಆಗಲಿಲ್ಲ, ಅದರ ಮಾರನೇ ದಿನವೂ ಹಾಗೇ. ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತದೆ. ಮೊದಲಿನ ಹಾಗೆ ಆಗುತ್ತೇನಾ ಸರ್?

ಉತ್ತರ (ಫಿಸಿಯೋಥೆರಪಿಸ್ಟ್):
ಮೇಡಂ, ಧೈರ್ಯವಾಗಿರಿ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ಡೆಂಗ್ಯೂ ಜ್ವರ ಬಿಟ್ಟ ಮೇಲೂ ಸುಸ್ತು ವಾರಗಟ್ಟಲೆ ಇರುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ.

ಎದೆ ಯಾಕೆ ಡವಡವ ಅನ್ನುತ್ತದೆ ಹೇಳುತ್ತೇನೆ. ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ರಕ್ತದಲ್ಲಿರುವ ನೀರಿನಂಶ ಕಡಿಮೆಯಾಗುತ್ತದೆ. ಆಗ ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತವೂ ಕಡಿಮೆ. ಅದೇ ಕೆಲಸಕ್ಕೆ ಅದು ಜಾಸ್ತಿ ಸಲ ಬಡಿಯಬೇಕು. ತೊಡೆಯ ಸ್ನಾಯುವೂ ಕರಗಿರುತ್ತದೆ. ಅದರ ಮೇಲೆ ವರ್ಷವಿಡೀ ನಿದ್ದೆಗೆಟ್ಟಿದ್ದೀರಿ. ಆದರೂ ಇಷ್ಟೇ ಕಾರಣ ಎಂದು ಬಿಡಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಒಂದು ಇಸಿಜಿ ಬೇಕೇನೋ ಎಂದು ಡಾಕ್ಟರನ್ನು ಕೇಳಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಅದನ್ನು ಸರಿಮಾಡಿಕೊಳ್ಳದೆ ಎಷ್ಟು ನಡೆದರೂ ಸುಸ್ತೇ.

ಎದೆ ಬಿಗಿತ, ಕಣ್ಣು ಕತ್ತಲೆ, ಸುಮ್ನೆ ಕೂತಾಗಲೂ ಏದುಸಿರು, ಒಂದೇ ಕಾಲಿನ ಮೀನಖಂಡ ಊದಿ ನೋವು, ಇವುಗಳಲ್ಲಿ ಯಾವುದು ಬಂದರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ.

ಈಗ ಮುಖ್ಯ ವಿಷಯ. ನಡೆಯುವಾಗ ಚೆನ್ನಾಗಿದ್ದೆ ಎನ್ನುತ್ತೀರಲ್ಲ, ಅದನ್ನು ನಂಬಬೇಡಿ. ಕಾಯಿಲೆಯಿಂದ ಎದ್ದ ಮೈಯಲ್ಲಿ ಸುಸ್ತು ಒಂದು ದಿನ, ಎರಡು ದಿನ ತಡವಾಗಿ ಬರಬಹುದು. ಇವತ್ತು ನಡೆದದ್ದು ಜಾಸ್ತಿಯಾಯಿತೋ ಇಲ್ಲವೋ ಎಂದು ನಾಳೆ, ನಾಡಿದ್ದು ಗೊತ್ತಾಗುತ್ತದೆ. ಅದಕ್ಕೇ ಮನೆ ಹತ್ತಿರ ಸಮತಟ್ಟಾದ ಕಡೆ 10 ನಿಮಿಷ ನಡೆಯಿರಿ, ದಿನ ಬಿಟ್ಟು ದಿನ. ಜೊತೆಗೆ ಗಟ್ಟಿಯಾದ ಕುರ್ಚಿಯಿಂದ ಎದ್ದು ಕೂರುವುದು, ಐದಾರು ಸಲ ಸಾಕು. ಒಂದು ವಾರ ಇಷ್ಟೇ. ಸಲೀಸು ಅನ್ನಿಸಿದರೂ ಏರಿಸಬೇಡಿ. ಆಮೇಲೆ ಎರಡು ಮೂರು ನಿಮಿಷ ಸೇರಿಸುತ್ತಾ ಹೋಗಿ. ಮಾರನೇ ದಿನ ಕುಸಿದರೆ ಅರ್ಧಕ್ಕೆ ಇಳಿಸಿ. ಇಷ್ಟು ಸ್ವಲ್ಪಕ್ಕೇ ಪ್ರತಿ ಸಲವೂ ಕುಸಿಯುತ್ತಿದ್ದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅಂಥ ಸುಸ್ತು ಹಟ ಮಾಡಿದರೆ ಹೋಗುವುದಿಲ್ಲ, ಹೆಚ್ಚುತ್ತದೆ.

ವಾರಕ್ಕೆ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ನಿಜ. ಅದು ಮುಂದೆ ಮುಟ್ಟಬೇಕಾದ ಗುರಿ, ಈ ತಿಂಗಳ ಲೆಕ್ಕ ಅಲ್ಲ.

ಇನ್ನೊಬ್ಬರ ಪ್ರಶ್ನೆ (ಮಂಡ್ಯ):
ಸರ್, ನಾನು ಬಿಪಿಗೆ ಮೆಟೊಪ್ರೊಲಾಲ್ ತಗೋತೀನಿ. ಎಷ್ಟು ಬೇಗ ನಡೆದರೂ ವಾಚಿನಲ್ಲಿ ಹಾರ್ಟ್ ರೇಟ್ ಏರುವುದೇ ಇಲ್ಲ. ಇನ್ನೂ ಜೋರಾಗಿ ನಡೆಯಬೇಕಾ?

ಉತ್ತರ:
ಬೇಡ ಸರ್. ಆ ಮಾತ್ರೆಯ ಕೆಲಸವೇ ಬಡಿತವನ್ನು ತಗ್ಗಿಸಿಡುವುದು. ವಾಚಿನ ಅಂಕಿ ಹಿಡಿದು ಹೊರಟರೆ ಮೈಗೆ ಮೀರಿ ನಡೆಯುತ್ತೀರಿ. ಜೊತೆಯವರ ಹತ್ತಿರ ಮಾತಾಡುತ್ತಾ ನಡೆಯಲು ಆಗಬೇಕು, ಹಾಡಲು ಕಷ್ಟವಾಗಬೇಕು. ಆ ವೇಗ ಸರಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮೊದಲ ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಹತ್ತು ನಿಮಿಷ ಅಂದರೆ ಏನೂ ಮಾಡಿಲ್ಲ ಅನ್ನಿಸುತ್ತೆ, ಆದರೂ ಹಾಗೇ ಮಾಡುತ್ತೇನೆ. ಬೆಟ್ಟ ಯಾವಾಗ ಹತ್ತಬಹುದು?

ಉತ್ತರ:
ತಾರೀಖು ಹೇಳಲಾರೆ ಮೇಡಂ. ಸಮತಟ್ಟಿನಲ್ಲಿ ಅರ್ಧ ಗಂಟೆ ನಡೆದು ಮಾರನೇ ದಿನ ಎಂದಿನಂತೆ ಶಾಲೆಗೆ ಹೋಗಿ ಬರುವಂತಾಗಲಿ. ಅದು ಕೆಲವು ವಾರ ಹಾಗೇ ನಡೆಯಲಿ. ಆಮೇಲೆ ಮನೆಯ ಅಥವಾ ಶಾಲೆಯ ಮೆಟ್ಟಿಲಲ್ಲಿ ಅಭ್ಯಾಸ ಮಾಡಿ.

ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲು. ಮೊದಲ ಸಲ ಒಂದಷ್ಟು ಹತ್ತಿ ವಾಪಸ್ ಬಂದುಬಿಡಿ. ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ, ಆದರೆ ತೊಡೆ ನೋವು ತರುವುದು ಇಳಿಯುವುದು. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅದರ ನೋವು ಒಂದೆರಡು ದಿನದ ಮೇಲೆ ಜೋರಾಗುತ್ತದೆ. ಹಾಗಾಗಿ ಮೆಟ್ಟಿಲ ದಾರಿಯಲ್ಲಿ ಸಿಗುವ ನಂದಿ ವಿಗ್ರಹದವರೆಗೆ ಹೋಗುವಷ್ಟು ಶಕ್ತಿ ಬಂದಾಗ ಮನೆಯವರಿಗೆ ಗಾಡಿ ತಂದು ಅಲ್ಲಿ ನಿಲ್ಲಿಸಿರಲು ಹೇಳಿ. ನಂದಿಯ ತನಕ ರಸ್ತೆ ಇದೆ ಅಲ್ವಾ? ಪೂರ್ತಿ ಹತ್ತುವ ದಿನ ಮೇಲಿಂದ ಸಿಟಿ ಬಸ್ಸಿನಲ್ಲಿ ಇಳಿಯಿರಿ. ಮೆಟ್ಟಿಲಲ್ಲಿ ಇಳಿಯುವುದನ್ನು ಕೊನೆಗೆ ಇಟ್ಟುಕೊಳ್ಳಿ.

ರಾತ್ರಿ ನಿದ್ದೆ ಬಾರದಿದ್ದ ಬೆಳಿಗ್ಗೆ ಇದ್ಯಾವುದೂ ಬೇಡ. ಅವತ್ತು ಅಂಗಳದಲ್ಲಿ ಐದು ನಿಮಿಷ ಓಡಾಡಿದರೆ ಸಾಕು.